ಶಾಲೆಯ ಹಳೆಯ ಕೊಠಡಿಯಲ್ಲಿ ಕಣಜ ಗೂಬೆ: ಮಕ್ಕಳಿಗೆ ಪಾಠ ಮಾಡುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಸಿಂಧನೂರು ತಾಲ್ಲೂಕು

ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬಳಕೆಯಲ್ಲಿಲ್ಲದ ನಮ್ಮ ಹಳೆಯ ಕೊಠಡಿಯ ಮಾಡಿನ ಸಂದಿಯಲ್ಲಿ ಬಿಳಿ ಮುಖದ ಗೂಬೆಯ ಜೋಡಿಯೊಂದು ನೆಲೆಸಿದೆ. ಸಂಜೆಯಾಗುತ್ತಲೇ ಒಳಗಿನಿಂದ ಬುಸುಗುಟ್ಟುವ ಸದ್ದು ಬರುವುದರಿಂದ ಕೆಲವರು ಹಾವಿದೆ ಎನ್ನುತ್ತಾರೆ. ಗೂಬೆ ಸೇರಿದ ಕಟ್ಟಡಕ್ಕೆ ಏಳಿಗೆಯಿಲ್ಲ, ಓಡಿಸಿಬಿಡಿ ಎಂದು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಯೂ ಮಾತು ಬಂದಿದೆ. ಮಕ್ಕಳು ಕಲ್ಲೆಸೆಯುವುದನ್ನು ಗದರಿಸಿ ನಿಲ್ಲಿಸಿದ್ದೇನೆ, ಆದರೆ ಗದರಿಕೆಯಿಂದ ಕಲಿಕೆಯಾಗುವುದಿಲ್ಲ. ಬ್ಯಾಗ್ ಇಲ್ಲದ ಶನಿವಾರದಂದು ಗೂಬೆಯ ಜೀವನಕ್ರಮವನ್ನೇ ಪಾಠವಾಗಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ 1: ಹಕ್ಕಿ ವೀಕ್ಷಕ, ಮೈಸೂರು

ಮೇಡಂ, ನಿಮ್ಮಲ್ಲಿರುವುದು ಕಣಜ ಗೂಬೆ. ಬುಸುಗುಟ್ಟುವುದು ಬಹುಶಃ ಅದರ ಮರಿಗಳು. ತಾಯಿ ಮೊದಲ ಮೊಟ್ಟೆಯಿಟ್ಟಾಗಲೇ ಕಾವು ಕೊಡಲು ಕೂರುವುದರಿಂದ ಮರಿಗಳು ಒಂದರ ಹಿಂದೊಂದು ಹೊರಬರುತ್ತವೆ, ಹೀಗಾಗಿ ಒಂದೇ ಗೂಡಿನಲ್ಲಿ ದೊಡ್ಡದೂ ಚಿಕ್ಕದೂ ಜೊತೆಯಾಗಿರುತ್ತವೆ. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ಕಂಡ ಇಂಥ ಮರಿಗಳ ವಿಡಿಯೊವನ್ನು ಜನರು ಅನ್ಯಗ್ರಹ ಜೀವಿಗಳೆಂದು ಹಂಚಿಕೊಂಡಿದ್ದರು. ಮಕ್ಕಳಿಗೆ ಈ ಸಂಗತಿ ಬಹಳ ಹಿಡಿಸುತ್ತದೆ.

ಪಾಠವನ್ನು ಚಿತ್ರಪಟದಿಂದ ಆರಂಭಿಸದೆ ಕೊಠಡಿಯ ನೆಲದಿಂದ ಆರಂಭಿಸಿ. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಮೂಳೆ ಮತ್ತು ಕೂದಲು ಹೊಟ್ಟೆಯಲ್ಲಿ ಉಂಡೆಗಟ್ಟುತ್ತವೆ, ಅದನ್ನು ಅದು ಬಾಯಿಂದ ಹೊರಹಾಕುತ್ತದೆ. ಕಪ್ಪಗೆ ಹೆಬ್ಬೆರಳಿನಷ್ಟು ಗಾತ್ರದ ಈ ಉಂಡೆಗಳನ್ನು ಎಷ್ಟೋ ಜನ ಹಿಕ್ಕೆಯೆಂದೇ ಭಾವಿಸುತ್ತಾರೆ. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ತಲೆಬುರುಡೆ, ದವಡೆ, ಪಕ್ಕೆಲುಬು ಬಿಡಿಬಿಡಿಯಾಗಿ ದೊರೆಯುತ್ತವೆ. ಮುಂದೆ ಹಳದಿ ಬಾಚಿಹಲ್ಲು, ಅದರ ಹಿಂದೆ ಹಲ್ಲಿಲ್ಲದ ಖಾಲಿ ಜಾಗವಿದ್ದರೆ ಅದು ಇಲಿಯ ಬುರುಡೆ. ಚೂಪಾದ ಬಿಳಿ ಹಲ್ಲುಗಳು ಸಾಲಾಗಿದ್ದರೆ ಸೊಂಡಿಲಿಯದು. ಗೂಬೆ ಏನು ತಿನ್ನುತ್ತದೆ ಎಂಬುದನ್ನು ಆಗ ಮಕ್ಕಳೇ ನಿಮಗೆ ಹೇಳುತ್ತಾರೆ.

ದೇಹರಚನೆಗೆ ಎರಡು ಆಟಗಳು ಸಾಕು. ಗೂಬೆಯ ಕಣ್ಣು ಗುಳಿಯಲ್ಲಿ ಹೊರಳುವುದಿಲ್ಲ. ಕಾಗದದ ಎರಡು ಕೊಳವೆಗಳನ್ನು ಕಣ್ಣಿಗೆ ಹಿಡಿದು ಸುತ್ತ ನೋಡಿದರೆ, ನಮ್ಮ ಏಳಕ್ಕೆ ಬದಲಾಗಿ 14 ಕತ್ತಿನ ಮೂಳೆಗಳು ಅದಕ್ಕೇಕೆ ಬೇಕೆಂದು, ಅದು ತಲೆಯನ್ನು ಸುಮಾರು 270 ಡಿಗ್ರಿ ಏಕೆ ತಿರುಗಿಸುತ್ತದೆಂದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಇನ್ನೊಂದು ಆಟದಲ್ಲಿ ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಒಣ ಎಲೆಯ ಸದ್ದು ಯಾವ ಕಡೆಯಿಂದ ಬಂತೆಂದು ಬೆರಳು ತೋರಿಸಲು ಹೇಳಿ; ಆಮೇಲೆ ಒಂದು ಕಿವಿ ಮುಚ್ಚಿಸಿ ಮತ್ತೆ ಕೇಳಿ. ಕಣಜ ಗೂಬೆಯ ಒಂದು ಕಿವಿ ಮೇಲಕ್ಕೂ ಇನ್ನೊಂದು ತುಸು ಕೆಳಕ್ಕೂ ಇರುವುದರಿಂದ ಸದ್ದಿನ ಎತ್ತರವನ್ನೂ ಅದು ಅಳೆಯಬಲ್ಲದು, ಪೂರ್ಣ ಕತ್ತಲೆಯಲ್ಲಿ ಇಲಿ ಹಿಡಿಯುವುದು ಈ ಬಲದಿಂದಲೇ.

ಉತ್ತರ 2: ಕೃಷಿ ಪದವೀಧರ, ಗಂಗಾವತಿ

ಮೇಲಿನ ಸಲಹೆ ಒಳ್ಳೆಯದೇ, ಆದರೆ ಉಂಡೆಯನ್ನು ಕೇವಲ ನೀರಿನಲ್ಲಿ ನೆನೆಸಿ ಮಕ್ಕಳ ಕೈಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಮಿನ್ನೆಸೋಟದ ಶಾಲೆಗಳಲ್ಲಿ 2001ರಲ್ಲಿ ಇಂಥದೇ ಚಟುವಟಿಕೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ, ಭೇದಿ ಜ್ವರ ತರುವ ಬ್ಯಾಕ್ಟೀರಿಯಾದ ಸೋಂಕು ತಗುಲಿದ್ದು ದಾಖಲಾಗಿದೆ. ಬಿಸಿಯೂಟದ ಹೊತ್ತಿಗೆ ದೂರವಾಗಿ, ಊಟ ಮಾಡದ ಜಾಗದಲ್ಲಿ, ಕೈಗವಸು ತೊಡಿಸಿ ಮಾಡಿಸಿ. ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಲಿ. ಚಿಕ್ಕ ತರಗತಿಗಳಾದರೆ ನೀವೇ ಬಿಡಿಸಿ ತೋರಿಸುವುದು ಲೇಸು.

ನಿಮ್ಮದು ಭತ್ತದ ಸೀಮೆಯಾದ್ದರಿಂದ ಪಾಠವನ್ನು ಗದ್ದೆಗೂ ಒಯ್ಯಿರಿ. ಗೂಬೆ ಕೂರಲೆಂದು ಪೈರಿಗಿಂತ ಎತ್ತರದ, ಅಡ್ಡಪಟ್ಟಿಯಿರುವ ಕೋಲನ್ನು ಬದುವಿನ ಬಳಿ ನೆಡುವ ಪದ್ಧತಿಯನ್ನು ಮಕ್ಕಳ ಮನೆಯವರು ಅರಿತಿರಬಹುದು. ತೆನೆ ಕಾಳುಕಟ್ಟುವ ಹೊತ್ತಿಗೆ ಅದನ್ನು ಕೀಳಬೇಕು, ಇಲ್ಲವಾದರೆ ಹಗಲಿನಲ್ಲಿ ಕಾಳು ತಿನ್ನುವ ಹಕ್ಕಿಗಳಿಗೆ ಅದೇ ಅನುಕೂಲವಾಗುತ್ತದೆ. ಬ್ರೊಮಾಡಿಯೊಲೋನ್‌ನಂಥ ಇಲಿಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ತೂಕಡಿಸುತ್ತ ಓಡಾಡುವ ಅದನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಆಹಾರ ಸರಪಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಿಮ್ಮ ಮಕ್ಕಳಿಗೆ ಸಿಗಲಾರದು.

ಉತ್ತರ 3: ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ

ಅಪಶಕುನದ ಮಾತನ್ನು ಬಿಟ್ಟು ಮುಂದೆ ಹೋಗಬೇಡಿರಿ, ಹಾಗೆಂದು ಅಜ್ಜಿ ಹೇಳಿದ್ದು ಸುಳ್ಳು ಎಂದೂ ಹೇಳಬೇಡಿರಿ. ಮಗು ಮನೆಯ ಪಕ್ಷವನ್ನೇ ಹಿಡಿಯುತ್ತದೆ. ಅಜ್ಜಿ ಏನು ಕಂಡರು, ಏನು ಕೇಳಿದರು ಎಂದು ಬರೆದು ತರಲು ಹೇಳಿರಿ. ಪಾಳುಗುಡಿ, ಹಾಳುಮನೆ, ಸದ್ದಿಲ್ಲದೆ ಹಾರಿದ ಬೆಳ್ಳನೆಯ ಆಕೃತಿ, ಕಿರಿಚಿದ ದನಿ ಎಂದು ಬರೆದು ತಂದಾರು. ಅವೆಲ್ಲವೂ ನಿಜವಾದ ವೀಕ್ಷಣೆಗಳೇ. ಜನರು ಬಿಟ್ಟುಹೋದ ಕಟ್ಟಡದಲ್ಲಿ ಅದಕ್ಕೆ ತೊಂದರೆಯಿಲ್ಲದ ಜಾಗ ಸಿಗುತ್ತದೆ. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯಂಥ ಎಳೆಗಳಿರುವುದರಿಂದ ಹಾರಾಟ ಕೇಳಿಸುವುದಿಲ್ಲ. ಗೂಬೆ ಬಂದು ಮನೆ ಹಾಳಾಯಿತೋ, ಹಾಳಾದ ಮನೆಗೆ ಗೂಬೆ ಬಂದಿತೋ ಎಂಬುದನ್ನು ತರಗತಿಯೇ ಚರ್ಚಿಸಲಿ. ಇದೇ ನಾಡಿನಲ್ಲಿ ಬುಡುಬುಡಿಕೆಯವರು ಗೂಬೆಯ ಬಳಗದ್ದೇ ಆದ ಹಾಲಕ್ಕಿಯ ಹೆಸರು ಹೇಳಿ ಶುಭ ನುಡಿಯುತ್ತಾರೆ ಎಂಬುದನ್ನೂ ಮರೆಯದೆ ತಿಳಿಸಿರಿ.

ಎಸ್‌ಡಿಎಂಸಿಯವರಿಗೆ ಮಾತ್ರ ನೇರವಾಗಿಯೇ ಹೇಳಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆಗಳಿಗೆ ರಕ್ಷಣೆಯಿದೆ, ಗೂಡನ್ನು ಕೀಳುವಂತಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಜ್ಜಿಯರ ಮಾತನ್ನು ಬರೆದು ತರುವುದನ್ನು ಈ ವಾರವೇ ಮನೆಗೆಲಸವಾಗಿ ಕೊಡುತ್ತೇನೆ. ಉಂಡೆಯನ್ನು ಏಳನೇ ತರಗತಿಯವರು ಮಾತ್ರ ಕೈಗವಸು ತೊಟ್ಟು ಬಿಡಿಸಲಿ. ಆದರೆ ಮರಿಗಳಿರುವಾಗ ಉಂಡೆ ಹೆಕ್ಕಲು ಕೊಠಡಿಯೊಳಗೆ ಹೋಗಬಹುದೇ?

ಉತ್ತರ 1ರ ಹಕ್ಕಿ ವೀಕ್ಷಕ

ಮಕ್ಕಳು ಬೇಡ, ಮೇಡಂ. ಹಗಲಿನಲ್ಲಿ ನೀವೊಬ್ಬರೇ ಒಮ್ಮೆ ಹೋಗಿ, ಬಾಗಿಲ ಬಳಿ ಬಿದ್ದವುಗಳನ್ನಷ್ಟೇ ಆರಿಸಿಕೊಂಡು ಬನ್ನಿ. ಟಾರ್ಚ್ ಬಿಡುವುದು, ಮೊಬೈಲಿನಲ್ಲಿ ಗೂಡಿನ ಫೋಟೊ ತೆಗೆಯುವುದು ಬೇಡ. ಜಾಗದ ಗುರುತನ್ನು ವಾಟ್ಸಾಪ್ ಗುಂಪುಗಳಲ್ಲಿಯೂ ಹಾಕಬೇಡಿ, ದೀಪಾವಳಿಯ ಸುಮಾರಿಗೆ ಮಾಟಮಂತ್ರಕ್ಕಾಗಿ ಗೂಬೆ ಹುಡುಕುವವರು ಇನ್ನೂ ಇದ್ದಾರೆ. ಮಕ್ಕಳು ಸಂಜೆ ಅಂಗಳದ ಆಚೆ ಬದಿಯಲ್ಲಿ ಕುಳಿತು, ಹಕ್ಕಿ ಹೊರಗೆ ಹಾರಿದ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಲಿ.