ಮದುವೆ ವಿಡಿಯೊ ಎಡಿಟಿಂಗ್‌ಗೆ ಹೊಸ ಸಿಸ್ಟಂ: ಈ ಕೊಟೇಶನ್‌ನಲ್ಲಿ ಏನು ಬದಲಿಸಬೇಕು? (ರಾಯಚೂರು)

ಸ್ಟುಡಿಯೊ_ರಾಯಚೂರು

ನಮಸ್ಕಾರ ರೀ. ಮದುವೆ ವಿಡಿಯೊ ಎಡಿಟಿಂಗ್, ಆಲ್ಬಂ ಡಿಸೈನ್‌ಗೆ ಸಿಸ್ಟಂ ಅಸೆಂಬಲ್ ಮಾಡಿಸಬೇಕು. ಕ್ಯಾಮೆರಾ ಸೋನಿ ಎ7 4, ಶೂಟ್ ಮಾಡೋದು 4ಕೆ 4:2:2 10-ಬಿಟ್ (ಬಣ್ಣದ ವಿವರ ಹೆಚ್ಚಿರೋ ರೆಕಾರ್ಡಿಂಗ್). ಪ್ರೀಮಿಯರ್ ಪ್ರೊ, ಫೋಟೊಶಾಪ್ ಬಳಸ್ತೀವಿ. ಅಂಗಡಿಯಲ್ಲಿ ಕೊಟ್ಟ ಕೊಟೇಶನ್:

ಪ್ರೊಸೆಸರ್ ಐ5-14400ಎಫ್, ಬಾಕ್ಸ್ ಕೂಲರ್, ಎಚ್610 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಆರ್‌ಟಿಎಕ್ಸ್ 4060 8 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎನ್‌ವಿಎಂಇ, 2 ಟಿಬಿ ಹಾರ್ಡ್ ಡಿಸ್ಕ್, ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್, ಅದರ ಜೊತೆಗೇ ಬರೋ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 600 ವಿಎ ಯುಪಿಎಸ್.

ಈಗಿರೋ ಸಿಸ್ಟಂ ಮನೆ ಇನ್ವರ್ಟರ್ ಲೈನಿನಲ್ಲಿದೆ. ಕರೆಂಟ್ ಹೋದಾಗೆಲ್ಲ ರೀಸ್ಟಾರ್ಟ್ ಆಗುತ್ತೆ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಹೊಸದಕ್ಕೂ ಇದೇ ಗತಿ ಆಗಬಾರದು. ತಿಳಿದವರು ಹೇಳ್ರಿ.

ಗಂಗಾವತಿ_ಬಿಲ್ಡ್

ಮೊದಲು ಆ ಎಫ್ ತೆಗೆಸ್ರಿ. ಎಫ್ ಇದ್ದ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರೋದಿಲ್ಲ, ನಿಮ್ಮ ಕೆಲಸಕ್ಕೆ ಬೇಕಾದದ್ದೇ ಅದು. 4:2:2 10-ಬಿಟ್ ಎಚ್.265 (ಒತ್ತಿ ಚಿಕ್ಕದು ಮಾಡಿದ ವಿಡಿಯೊ) ಫೈಲನ್ನು ಆ ಒಳಗಿನ ಗ್ರಾಫಿಕ್ಸ್‌ನಲ್ಲಿರೋ ಇಂಟೆಲ್ ಕ್ವಿಕ್ ಸಿಂಕ್ ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತೆ, ಅಂದರೆ ಬಿಚ್ಚಿ ತೋರಿಸುತ್ತೆ. ಆರ್‌ಟಿಎಕ್ಸ್ 4060 ಮಾಡೋದಿಲ್ಲ. ಆಗ ಭಾರವೆಲ್ಲ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದು, ಕಾರ್ಡ್ ಸುಮ್ಮನೆ ಕೂತಿದ್ದರೂ ಟೈಮ್‌ಲೈನ್ ತಡವರಿಸುತ್ತೆ. ಎಫ್ ಇಲ್ಲದ 14400 ತಗೊಳ್ರಿ.

ಇನ್ನೊಂದು ಸೂಕ್ಷ್ಮ ಇದೆ. ಕ್ವಿಕ್ ಸಿಂಕ್ ಕೈ ಹಿಡಿಯೋದು ಎಚ್.265ಗೆ, ಅಂದರೆ ಸೋನಿಯ ಎಕ್ಸ್‌ಎವಿಸಿ ಎಚ್‌ಎಸ್‌ಗೆ. ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264. ಅದರ 4:2:2 10-ಬಿಟ್ ನಿಮ್ಮ ಪ್ರೊಸೆಸರ್‌ನಲ್ಲೂ ಹಾರ್ಡ್‌ವೇರ್ ಡಿಕೋಡ್ ಆಗಲ್ಲ. ಕ್ಯಾಮೆರಾ ಪಾಲ್‌ನಲ್ಲಿದ್ದರೆ (ಸೆಕೆಂಡಿಗೆ 25, 50 ಫ್ರೇಮ್‌ಗಳ ಸೆಟ್ಟಿಂಗ್) ಎಚ್‌ಎಸ್ 4ಕೆನಲ್ಲಿ 25ಪಿ ಸಿಗೋದಿಲ್ಲ, 50ಪಿಯಿಂದಲೇ ಶುರು. 25ಪಿಯೇ ಬೇಕಂದರೆ ಎರಡು ದಾರಿ: ಪ್ರಾಕ್ಸಿ (ಎಡಿಟಿಂಗ್‌ಗಷ್ಟೇ ಬಳಸೋ ಹಗುರ ನಕಲು ಫೈಲ್) ಮಾಡಿಕೊಂಡು ಎಡಿಟ್ ಮಾಡೋದು, ಇಲ್ಲವೇ ಆರ್‌ಟಿಎಕ್ಸ್ 5060 ಹಾಕೋದು. 50ರ ಸರಣಿ ಎಚ್.264, ಎಚ್.265 ಎರಡರ 4:2:2 ಅನ್ನೂ ಡಿಕೋಡ್ ಮಾಡುತ್ತೆ. ಪ್ರೀಮಿಯರ್ ಮಾತ್ರ ಹೊಸ ಆವೃತ್ತಿ ಇರಬೇಕು.

ಬೋರ್ಡ್ ಬಿ760 ಇರಲಿ. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಎನ್‌ವಿಎಂಇ ಕೂಡ ಜೆನ್ 3 ವೇಗಕ್ಕೇ ನಿಲ್ಲುತ್ತೆ. ಬಿ760 ಹಳೆ ಸ್ಟಾಕ್ ಆಗಿದ್ದರೆ 14ನೇ ಪೀಳಿಗೆಗೆ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗುತ್ತೆ, ಅಂಗಡಿಯಲ್ಲೇ ಮಾಡಿಸಿ ತರ‍್ರಿ. ರ‍್ಯಾಮ್ 16 ಜಿಬಿ ಎರಡು ಸ್ಟಿಕ್, ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಒಂದೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ ಇಲ್ಲ. ಎನ್‌ವಿಎಂಇ 1 ಟಿಬಿ.

ಬಳ್ಳಾರಿ_ವೋಲ್ಟ್

ಪಾರ್ಟ್ಸ್ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ನಮ್ಮ ಕಡೆ ಸಿಸ್ಟಂ ಕೆಡೋದು ಪ್ರೊಸೆಸರ್‌ನಿಂದಲ್ಲ. ಕರೆಂಟಿನಿಂದ. ಆ ಕೊಟೇಶನ್‌ನಲ್ಲಿ ಅತ್ಯಂತ ಕೆಟ್ಟ ಪಾರ್ಟು ಕ್ಯಾಬಿನೆಟ್ ಜೊತೆ ಬರೋ ಎಸ್‌ಎಂಪಿಎಸ್.

ಲೆಕ್ಕ ನೋಡಿ. 14400 ಗರಿಷ್ಠ 148 ವ್ಯಾಟ್ ಎಳೆಯುತ್ತೆ, 4060 ಆದರೆ 115 (5060 ಆದರೆ 145), ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಸೇರಿ ಸುಮಾರು 50. ಒಟ್ಟು 313. ಎಸ್‌ಎಂಪಿಎಸ್ ದಕ್ಷತೆ 85 ಪರ್ಸೆಂಟ್ ಹಿಡಿದರೆ ಗೋಡೆಯಿಂದ ಎಳೆಯೋದು 368, ಮಾನಿಟರ್ ಸೇರಿದರೆ 400 ವ್ಯಾಟ್. 600 ವಿಎ ಯುಪಿಎಸ್ ಕೊಡೋದು ಸಾಮಾನ್ಯವಾಗಿ 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಓವರ್‌ಲೋಡ್ ಅಂತ ಕಿರುಚಿ ಆಫ್ ಆಗುತ್ತೆ. 1000 ವಿಎ, 600 ವ್ಯಾಟ್ ತಗೊಳ್ಳಿ. ವಿಎ ಅಲ್ಲ, ವ್ಯಾಟ್ ಓದಿ.

ಎಸ್‌ಎಂಪಿಎಸ್ 550 ಅಥವಾ 650 ವ್ಯಾಟ್, 80 ಪ್ಲಸ್ ಬ್ರಾಂಜ್ ಅಥವಾ ಮೇಲಿನದು. ಲೇಬಲ್‌ನಲ್ಲಿ ಇನ್‌ಪುಟ್ 100-240 ವೋಲ್ಟ್ ಅಂತ ಇರಬೇಕು. ಬೇಸಿಗೆ ಸಂಜೆ ವೋಲ್ಟೇಜ್ 170-180ಕ್ಕೆ ಇಳಿದರೂ ಅಂಥದ್ದು ತಡೆದುಕೊಳ್ಳುತ್ತೆ. 200-240 ಅಂತಷ್ಟೇ ಇರೋದು ಆ ಹೊತ್ತಿಗೆ ಕೈಕೊಡುತ್ತೆ.

ರೀಸ್ಟಾರ್ಟ್ ಯಾಕೆ ಆಗುತ್ತೆ ಅಂದರೆ: ಕರೆಂಟ್ ನಿಂತ ಮೇಲೆ ಒಳ್ಳೆ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಸಿಸ್ಟಂ ನಡೆಸುತ್ತೆ, ಅಗ್ಗದ್ದು ಅಷ್ಟೂ ಇಲ್ಲ. ಇನ್ವರ್ಟರ್ ಎಕೊ ಅಥವಾ ನಾರ್ಮಲ್ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗೋಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಇನ್ವರ್ಟರ್ ಹಿಂದೆ ಸ್ವಿಚ್ ಇದ್ದರೆ ಯುಪಿಎಸ್ ಮೋಡ್‌ಗೆ ಹಾಕಿ, ಬದಲಾವಣೆ ಬೇಗ ಆಗುತ್ತೆ. ಇದರಲ್ಲಿ ಒಂದು ತೊಂದರೆ ಇದೆ: ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದರೂ ಬ್ಯಾಟರಿಗೇ ಹೋಗುತ್ತೆ, ಸಂಜೆಯೆಲ್ಲ ಬ್ಯಾಟರಿ ಖಾಲಿಯಾಗುತ್ತೆ. ಅದಕ್ಕೇ ಸಿಸ್ಟಂಗೆ ಪ್ರತ್ಯೇಕ ಯುಪಿಎಸ್ ಬೇಕು ಅನ್ನೋದು.

ಆ ಜುಮ್ ಅನ್ನೋದನ್ನ ಹಗುರವಾಗಿ ತಗೋಬೇಡಿ. ಮಲ್ಟಿಮೀಟರ್ ಎಸಿ 750ರಲ್ಲಿಟ್ಟು ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆದು ಇಲ್ಲಿ ಹಾಕಿ. ಮೀಟರ್ ಹಿಡಿದು ರೂಢಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ.

ಸ್ಟುಡಿಯೊ_ರಾಯಚೂರು

ಎಲೆಕ್ಟ್ರಿಷಿಯನ್ ಅಳೆದದ್ದು, ಸಿಸ್ಟಂ ಪ್ಲಗ್ ಆಗಿರುವಾಗ ಅದೇ ಸ್ವಿಚ್ ಬೋರ್ಡಿನಲ್ಲಿ: ಫೇಸ್-ನ್ಯೂಟ್ರಲ್ 221, ಫೇಸ್-ಅರ್ಥ್ 118, ನ್ಯೂಟ್ರಲ್-ಅರ್ಥ್ 101.

ಬಳ್ಳಾರಿ_ವೋಲ್ಟ್

ನಿಮ್ಮ ಸಾಕೆಟ್‌ಗೆ ಅರ್ಥ್ ಇಲ್ಲವೇ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಬಾಡಿಗೆ ಜೋಡಿಸಿರ್ತಾವೆ. ಅರ್ಥ್ ತಂತಿ ಕಡಿದಿದ್ದರೆ ಬಾಡಿ ಸರಿಸುಮಾರು ಅರ್ಧ ವೋಲ್ಟೇಜಿಗೆ ನಿಲ್ಲುತ್ತೆ, ನೀವು ಕೊಟ್ಟ ಅಂಕಿ ಅದೇ. ಸರಿ ಇದ್ದರೆ ಫೇಸ್-ಅರ್ಥ್ ಕೂಡ 220ರ ಹತ್ತಿರ, ನ್ಯೂಟ್ರಲ್-ಅರ್ಥ್ ಎರಡು-ಮೂರು ವೋಲ್ಟ್ ಒಳಗೆ ಇರಬೇಕು.

ಬೇರೆ ಕೋಣೆಯ ಸಾಕೆಟ್‌ನಲ್ಲೂ ಅಳೆಸಿ. ಅಲ್ಲಿ ಸರಿಯಿದ್ದರೆ ಈ ಬೋರ್ಡಿನ ತಂತಿ ಬಿಟ್ಟಿದೆ. ಎಲ್ಲಾ ಕಡೆ ಹೀಗೇ ಇದ್ದರೆ ಅರ್ಥ್ ಗುಂಡಿವರೆಗೂ ಹೋಗಿ ನೋಡಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತೆ, ಆಗ ಗುಂಡಿ ಇದ್ದೂ ಪ್ರಯೋಜನವಿಲ್ಲ. ಗುಂಡಿಗೆ ನೀರು ಹಾಕಿ ಮತ್ತೆ ಅಳೆಸಿ. ಸಾಕೆಟ್ ಒಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ತಂತಿ ಕಟ್ಟಿ ಸರಿಮಾಡ್ತೀನಿ ಅಂದವರಿಗೆ ದಯವಿಟ್ಟು ಅವಕಾಶ ಕೊಡಬೇಡಿ. ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ ಪೂರ್ತಿ ಫೇಸ್ ಆಗುತ್ತೆ, ಪ್ರಾಣಾಪಾಯ. ಅರ್ಥ್ ಸರಿಯಾಗೋವರೆಗೂ ಹೊಸ ಸಿಸ್ಟಂ ಆನ್ ಮಾಡಬೇಡಿ.

ಗಂಗಾವತಿ_ಬಿಲ್ಡ್

ಸೆಕೆ, ದೂಳಿನ ಮಾತು ಉಳಿದಿತ್ತು. ಕೂಲರ್ ಎಷ್ಟೇ ಚಲೋ ಇರಲಿ, ಕೋಣೆಯ ಉಷ್ಣತೆ ಅದರ ಮೇಲೆ ಕೂಡುತ್ತೆ. 24 ಡಿಗ್ರಿ ಕೋಣೆಯಲ್ಲಿ 70 ತೋರಿಸೋ ಪ್ರೊಸೆಸರ್ 42ರಲ್ಲಿ 88 ತೋರಿಸುತ್ತೆ. 14400ರ ಮಿತಿ 100. ಬಾಕ್ಸ್ ಕೂಲರ್ ಉದ್ದ ರೆಂಡರ್‌ಗೆ ಸಾಲಲ್ಲ, 120 ಎಂಎಂ ಫ್ಯಾನಿನ ಒಂದು ಟವರ್ ಕೂಲರ್ ಸಾಕು. ಬೇಸಿಗೆಗೆ ಬಯಾಸ್‌ನಲ್ಲಿ ಪಿಎಲ್1 (ನಿರಂತರ ಪವರ್ ಮಿತಿ) 65, ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) 100 ವ್ಯಾಟ್ ಇಡ್ರಿ. ರೆಂಡರ್ ಸ್ವಲ್ಪ ನಿಧಾನವಾಗುತ್ತೆ, ಸಿಸ್ಟಂ ಗಟ್ಟಿಯಾಗಿ ನಡೆಯುತ್ತೆ.

ಮುಂದೆ ಗಾಜಿನ ಕ್ಯಾಬಿನೆಟ್ ಬ್ಯಾಡ್ರಿ, ಜಾಳಿಗೆ ಇರೋದು ತಗೊಳ್ರಿ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ. ಒಳಗೆ ಬರೋ ಗಾಳಿ ಹೆಚ್ಚಿದ್ದರೆ ದೂಳು ಸಂದುಗಳಿಂದ ನುಗ್ಗದೆ ಫಿಲ್ಟರ್‌ನಲ್ಲೇ ನಿಲ್ಲುತ್ತೆ. ಹತ್ತಿ ಸೀಸನ್‌ನಲ್ಲಿ ಮಿಲ್ಲಿನ ಹತ್ತಿರ ಇರೋರು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ತೊಳೀರಿ, ಆ ನಾರು ಹೀಟ್‌ಸಿಂಕ್ ಮೇಲೆ ಚಾಪೆಯಂಗೆ ಕೂಡುತ್ತೆ. ನೀರಿನ ಏರ್ ಕೂಲರ್ ಇದ್ದರೆ ಅದರ ಬಾಯಿಗೆ ಎದುರು ಸಿಸ್ಟಂ ಇಡಬೇಡ್ರಿ. ಹನಿ ಸಿಡಿದರೆ ಬೋರ್‌ವೆಲ್ ನೀರಿನ ಉಪ್ಪು ಬೋರ್ಡ್ ಮೇಲೆ ಉಳಿದು ಪಿನ್ನುಗಳನ್ನ ತಿನ್ನುತ್ತೆ.

ಸ್ಟುಡಿಯೊ_ರಾಯಚೂರು

ಅರ್ಥ್ ತಂತಿ ಸ್ವಿಚ್ ಬೋರ್ಡಿನ ಹಿಂದೇ ಬಿಟ್ಟಿತ್ತು, ಹಾಕಿಸಿದೆ. ಈಗ ನ್ಯೂಟ್ರಲ್-ಅರ್ಥ್ 1.4, ಜುಮ್ ಇಲ್ಲ. ನೀವು ಹೇಳಿದಂಗೆ 14400, ಬಿ760 ಹಾಕಿ ಅಸೆಂಬಲ್ ಆಯ್ತು. ಕಾರ್ಡ್ 4060ನೇ ತಗೊಂಡೆ. ಆದರೆ ಎಚ್‌ಎಸ್ ಫೈಲ್ ಈಗಲೂ ನಿಂತು ನಿಂತು ಓಡುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಕಾಣಿಸ್ತಾನೇ ಇಲ್ಲ.

ಗಂಗಾವತಿ_ಬಿಲ್ಡ್

ಕಾರ್ಡ್ ಹಾಕಿದಾಗ ಬಹಳಷ್ಟು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನ ತಾವೇ ಆಫ್ ಮಾಡ್ತಾವೆ. ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ-ಮಾನಿಟರ್ ಅಂತ ಇರುತ್ತೆ, ಅದನ್ನ ಎನೇಬಲ್ ಮಾಡ್ರಿ. ಮೊದಲ ಡಿಸ್‌ಪ್ಲೇ ಪಿಸಿಐಇ ಅಂತಲೇ ಇರಲಿ, ಮಾನಿಟರ್ ಕೇಬಲ್ಲೂ ಕಾರ್ಡಿಗೇ ಇರಲಿ. ವಿಂಡೋಸ್‌ಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡ್ರಿ. ಆಮೇಲೆ ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಮೀಡಿಯಾ, ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್‌ಗೆ ಟಿಕ್ ಹಾಕ್ರಿ. ಕ್ಲಿಪ್ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ನ ವಿಡಿಯೊ ಡಿಕೋಡ್ ಗೆರೆ ಮೇಲೇಳಬೇಕು.

ಸ್ಟುಡಿಯೊ_ರಾಯಚೂರು

ಆಯ್ತು ರೀ, ಗೆರೆ ಎದ್ದಿತು. 50ಪಿ ಕ್ಲಿಪ್ ತಡೆಯಿಲ್ಲದೆ ಓಡ್ತಿದೆ. ಹಳೆಯ 25ಪಿ ಎಕ್ಸ್‌ಎವಿಸಿ ಎಸ್ ಫೈಲ್‌ಗಳಿಗೆ?

ಗಂಗಾವತಿ_ಬಿಲ್ಡ್

ಅವಕ್ಕೆ ಪ್ರಾಕ್ಸಿಯೇ. ಕ್ಲಿಪ್‌ಗಳನ್ನ ಆರಿಸಿ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ಅಲ್ಲಿ ಪ್ರೊರೆಸ್ ಆರಿಸ್ರಿ, ಎಚ್.264 ಬ್ಯಾಡ. ಫೈಲ್ ದೊಡ್ಡದಾಗುತ್ತೆ, ಟೈಮ್‌ಲೈನ್ ಹಗುರಾಗುತ್ತೆ. ಪ್ರಾಕ್ಸಿ ಎನ್‌ವಿಎಂಇ ಮೇಲೆ ಇರಲಿ, ಮೂಲ ಫೈಲ್ ಹಾರ್ಡ್ ಡಿಸ್ಕ್‌ನಲ್ಲೇ ಇದ್ದರೂ ನಡೆಯುತ್ತೆ. ಗಿರಾಕಿಗೆ ಪೆನ್‌ಡ್ರೈವ್ ಕೊಡೋವರೆಗೂ ಮೂಲ ಫೈಲಿನ ಇನ್ನೊಂದು ಪ್ರತಿ ಸಿಸ್ಟಂನಿಂದ ಹೊರಗೆ, ಬೇರೆ ಡಿಸ್ಕ್‌ನಲ್ಲಿ ಇಟ್ಟಿರ‍್ರಿ.