ಸ್ಟಿರಿಯೋ ವಾಲ್ವ್ ಆಂಪ್: ಬಲ ಚಾನೆಲ್‌ನ ಒಂದು ಇಎಲ್84 ಕೆಂಪಗಾಗುತ್ತಿದೆ, ಜೊತೆಗೆ ಗುಂಯ್ ಸದ್ದು

ಹಳೇದೀಪ:
ನಮಸ್ಕಾರ. ಅಪ್ಪ ಬಳಸುತ್ತಿದ್ದ ಸ್ಟಿರಿಯೋ ವಾಲ್ವ್ ಆಂಪ್ಲಿಫೈಯರ್ ಮತ್ತು ಅದರ ಜೋಡಿ ಸ್ಪೀಕರ್‌ಗಳು ಈಗ ನನ್ನ ಹತ್ತಿರ ಇವೆ. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮತ್ತೆ ಇದರಲ್ಲಿ ಹಾಡು ಕೇಳಬೇಕು ಅಂತ ತುಂಬಾ ಆಸೆ. ಆಂಪ್‌ನಲ್ಲಿ ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್‌ಗಳು ನಾಲ್ಕು ಇಎಲ್84, ಅವುಗಳ ಮುಂದೆ ಸಿಗ್ನಲ್ ದೊಡ್ಡದು ಮಾಡುವ ಇಸಿಸಿ83ಗಳು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ವಾಲ್ವೇ, ಜಿಝೆಡ್34.

ತೊಂದರೆ ಹೀಗಿದೆ. ವಾಲ್ವ್‌ಗಳು ಬಿಸಿಯಾಗುತ್ತಿದ್ದಂತೆ ಎರಡೂ ಕಡೆ ಗುಂಯ್ ಅನ್ನುತ್ತದೆ, ಬಲಗಡೆ ಜಾಸ್ತಿ. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇರುತ್ತದೆ. ಹತ್ತು ನಿಮಿಷವಾದ ಮೇಲೆ ಬಲ ಚಾನೆಲ್‌ನ ಒಂದು ಇಎಲ್84ರ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗೆ ಕಾಯುತ್ತದೆ, ಹಾಡು ಒಡೆದು ಕೇಳುತ್ತದೆ. ವಾಲ್ವ್ ಹೋಗಿದೆ ಅಂದುಕೊಂಡು ನಾಲ್ಕನ್ನೂ ಹೊಸದು ಹಾಕಿದೆ. ಹೊಸ ವಾಲ್ವ್ ಕೂಡ ಅದೇ ಸಾಕೆಟ್‌ನಲ್ಲಿ ಕೆಂಪಾಯಿತು.

ಸ್ಪೀಕರ್‌ಗಳದ್ದು ಬೇರೆ ಕಥೆ. ಬಾಸ್ ನುಡಿಸುವ 12 ಇಂಚಿನ ವೂಫರ್‌ಗಳ ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಒಂದರ ಟ್ವೀಟರ್ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ಮಾತೇ ಆಡುವುದಿಲ್ಲ. ಸದ್ಯಕ್ಕೆ ಬೇರೆ ಸಣ್ಣ ಸ್ಪೀಕರ್ ಹಾಕಿ ನೋಡುತ್ತಿದ್ದೇನೆ.

ಆಂಪ್‌ನ ಎಲ್ಲಾ ಕಂಡೆನ್ಸರ್‌ಗಳನ್ನೂ ಒಂದೇ ಸಲ ಬದಲಿಸಿಬಿಡಲಾ? ಹಾಗೇ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ಇರುವ ಕಡೆ 220 ಹಾಕಿದರೆ ಗುಂಯ್ ಪೂರ್ತಿ ಹೋಗುತ್ತದಲ್ವಾ?

ಬೆಸುಗೆ:
ಮೊದಲು ಒಂದು ಮಾತು. ಪ್ಲೇಟ್ ಕೆಂಪಾದದ್ದು ಕಂಡ ಕ್ಷಣವೇ ಆಫ್ ಮಾಡಿ. ವಾಲ್ವ್ ಮತ್ತೆ ಸಿಗುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಂಥದ್ದೇ ಇನ್ನೊಂದು ಸಿಗುವುದು ಬಹಳ ಕಷ್ಟ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಇಪ್ಪತ್ತು ಕಂಡೆನ್ಸರ್ ಕಿತ್ತು ಹಾಕುವಾಗ ಒಂದು ಬೆಸುಗೆ ತಪ್ಪಿದರೂ ಹಳೇ ತೊಂದರೆಯ ಮೇಲೆ ಹೊಸ ತೊಂದರೆ ಕೂರುತ್ತದೆ. ಆಮೇಲೆ ಯಾವುದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಹೊಸ ವಾಲ್ವ್ ಅದೇ ಸಾಕೆಟ್‌ನಲ್ಲಿ ಕೆಂಪಾಯಿತು ಅಂದಿರಿ. ತೊಂದರೆ ವಾಲ್ವ್‌ನದ್ದಲ್ಲ, ಸಾಕೆಟ್‌ಗೆ ಬರುವ ದಾರಿಯದ್ದು ಅಂತ ಅಲ್ಲೇ ಗೊತ್ತಾಯಿತು.

ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಉಳಿದಿರುತ್ತದೆ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ನೋಡಿ, ಆಮೇಲೇ ಕೈ ಹಾಕಿ. ಆನ್ ಇರುವಾಗ ಅಳೆಯಬೇಕಾದರೆ ಮೀಟರ್‌ನ ಕಪ್ಪು ವೈರನ್ನು ಮೊದಲೇ ಚಾಸಿಗೆ ಕ್ಲಿಪ್ ಮಾಡಿಕೊಳ್ಳಿ. ಒಂದೇ ಕೈ ಬಳಸಿ, ಇನ್ನೊಂದು ಜೇಬಿನಲ್ಲಿರಲಿ. ಸ್ಪೀಕರ್ ಅಥವಾ 8 ಓಮ್ ಲೋಡ್ ಇಲ್ಲದೆ ವಾಲ್ವ್ ಆಂಪ್ ಓಡಿಸಲೇಬೇಡಿ.

ನಾಲ್ಕೂ ಇಎಲ್84ಗಳ ಪಿನ್ 2 (ಗ್ರಿಡ್, ಕರೆಂಟನ್ನು ಹಿಡಿತದಲ್ಲಿಡುವುದು), ಪಿನ್ 3 (ಕ್ಯಾಥೋಡ್, ಎಲೆಕ್ಟ್ರಾನ್ ಹೊರಡುವ ಕಡೆ), ಪಿನ್ 7 (ಪ್ಲೇಟ್, ಅವು ಬಂದು ಬೀಳುವ ಕಡೆ) ವೋಲ್ಟೇಜ್ ಬರೆದು ಹಾಕಿ. ಕ್ಯಾಥೋಡ್ ರೆಸಿಸ್ಟರ್ ಎಷ್ಟು ಅಂತಲೂ ನೋಡಿ. ಕೆಂಪಾಗುವ ಮೊದಲೇ ಮುಗಿಸಿಬಿಡಿ.

ಹಳೇದೀಪ:
ಅಳೆದೆ ಸರ್. ಒಂದೊಂದು ವಾಲ್ವ್‌ಗೂ ಬೇರೆ ಬೇರೆ 270 ಓಮ್ ಕ್ಯಾಥೋಡ್ ರೆಸಿಸ್ಟರ್ ಇದೆ. ಮೂರು ವಾಲ್ವ್‌ಗಳಲ್ಲಿ ಗ್ರಿಡ್ 0, ಕ್ಯಾಥೋಡ್ 10.6 ಆಸುಪಾಸು, ಪ್ಲೇಟ್ 300. ಕೆಂಪಾಗುವ ವಾಲ್ವ್‌ನಲ್ಲಿ ಗ್ರಿಡ್ +8, ಕ್ಯಾಥೋಡ್ 16.8, ಪ್ಲೇಟ್ 298.

ಬೆಸುಗೆ:
ಲೆಕ್ಕ ಹಾಕಿ ನೋಡೋಣ. 10.6 ವೋಲ್ಟನ್ನು 270ರಿಂದ ಭಾಗಿಸಿದರೆ 39 ಮಿಲಿಆಂಪಿಯರ್. ಅದರಲ್ಲಿ ನಾಲ್ಕೈದು ಸ್ಕ್ರೀನ್ ಗ್ರಿಡ್ ಅನ್ನುವ ಎರಡನೇ ಗ್ರಿಡ್‌ಗೆ ಹೋಗುತ್ತದೆ. ಪ್ಲೇಟ್ ಮೇಲೆ ಬೀಳುವುದು ಸುಮಾರು 10 ವ್ಯಾಟ್. ಇಎಲ್84 ಪ್ಲೇಟ್‌ನ ಮಿತಿ 12 ವ್ಯಾಟ್, ಹಾಗಾಗಿ ಮೂರು ವಾಲ್ವ್ ಆರಾಮಾಗಿವೆ. ನಾಲ್ಕನೆಯದರಲ್ಲಿ 62 ಮಿಲಿಆಂಪಿಯರ್ ಹರಿಯುತ್ತಿದೆ, ಪ್ಲೇಟ್ ಮೇಲೆ 15 ವ್ಯಾಟ್ ದಾಟಿದೆ. ಕೆಂಪಾಗದೆ ಇನ್ನೇನಾಗುತ್ತದೆ?

ಗ್ರಿಡ್‌ನಲ್ಲಿ ಪ್ಲಸ್ ವೋಲ್ಟ್ ಇರಲೇಬಾರದು. ಅದು ಎರಡು ಕಡೆಯಿಂದ ಬರಬಹುದು. ವಾಲ್ವ್ ಒಳಗೆ ಗ್ಯಾಸ್ ಸೇರಿದ್ದರೆ ವಾಲ್ವೇ ಗ್ರಿಡ್ಡನ್ನು ಮೇಲೆತ್ತುತ್ತದೆ. ಇಲ್ಲವೇ ಹಿಂದಿನ ಹಂತದಿಂದ ಹಾಡಿನ ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯಬೇಕಾದ ಕಪ್ಲಿಂಗ್ ಕಂಡೆನ್ಸರ್ ಡಿಸಿ ಸೋರಿಸುತ್ತಿರುತ್ತದೆ. ಆಫ್ ಮಾಡಿ ಆ ಒಂದು ಇಎಲ್84 ಕಿತ್ತಿಟ್ಟು, ಮತ್ತೆ ಆನ್ ಮಾಡಿ, ಖಾಲಿ ಸಾಕೆಟ್‌ನ ಪಿನ್ 2 ಅಳೆಯಿರಿ. ವಾಲ್ವ್ ಇಲ್ಲದೆಯೂ ಪ್ಲಸ್ ತೋರಿಸಿದರೆ ಕಂಡೆನ್ಸರ್‌ದೇ ತಪ್ಪು.

ಹಳೇದೀಪ:
ವಾಲ್ವ್ ಇಲ್ಲದೆಯೂ 8 ವೋಲ್ಟ್ ಇದೆ! ಆದರೆ ಆ ಕಂಡೆನ್ಸರನ್ನು ಬಿಚ್ಚಿ ಓಮ್ ರೇಂಜಿನಲ್ಲಿ ನೋಡಿದರೆ ಓಪನ್ ಅಂತಲೇ ತೋರಿಸುತ್ತಿದೆ. ಮೇಣ ಮೆತ್ತಿದ ಕಾಗದದ ಕಂಡೆನ್ಸರ್, 0.1 ಮೈಕ್ರೋಫ್ಯಾರಡ್.

ಬೆಸುಗೆ:
ಮೀಟರ್ ಓಮ್ ರೇಂಜಿನಲ್ಲಿ ಕೊಡುವುದು ಒಂದೆರಡು ವೋಲ್ಟ್. ಕಂಡೆನ್ಸರ್ ಕೆಲಸ ಮಾಡುವುದು 150–200 ವೋಲ್ಟ್‌ನಲ್ಲಿ, ಬಿಸಿಯಲ್ಲಿ. ಹಳೇ ಕಾಗದದ ಕಂಡೆನ್ಸರ್ ಸೋರುವುದು ಆಗಲೇ. ಕಾದಷ್ಟೂ ಸೋರಿಕೆ ಏರುತ್ತದೆ. ಹತ್ತು ನಿಮಿಷ ಬಿಟ್ಟು ಕೆಂಪಾಗುತ್ತಿದ್ದದ್ದು ಅದಕ್ಕೇ.

ಇಎಲ್84 ಗ್ರಿಡ್‌ಗಳಿಗೆ ಹೋಗುವ ನಾಲ್ಕೂ ಕಪ್ಲಿಂಗ್ ಕಂಡೆನ್ಸರ್ ಬದಲಿಸಿ, ಉಳಿದ ಮೂರೂ ಅದೇ ವಯಸ್ಸಿನವು. ಪಾಲಿಪ್ರೊಪಿಲೀನ್, 0.1 ಮೈಕ್ರೋಫ್ಯಾರಡ್, 630 ವೋಲ್ಟ್. ಬಾಸ್ ಜಾಸ್ತಿ ಬರಲಿ ಅಂತ 0.47 ಹಾಕಬೇಡಿ. ಇದೆಲ್ಲ ಫೀಡ್‌ಬ್ಯಾಕ್ ಲೂಪಿನ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಿನ ಹಂತಕ್ಕೆ ವಾಪಸ್ ಕೊಡುವ ದಾರಿ) ಒಳಗಿದೆ. ಮೈಕ್ರೋಫ್ಯಾರಡ್ ಅಂಕಿ ಬದಲಿಸಿದರೆ ಕೆಳಗಿನ ಸ್ವರಗಳಲ್ಲಿ ಆಂಪ್ ತಾನಾಗಿಯೇ ಪುಟ್ ಪುಟ್ ಅನ್ನುವುದು ಶುರುವಾಗಬಹುದು. ಅದಕ್ಕೇ ಮೋಟಾರ್‌ಬೋಟಿಂಗ್ ಅನ್ನುತ್ತಾರೆ. ಕೆಂಪಾದ ಜಾಗದ 270 ಓಮ್ ರೆಸಿಸ್ಟರ್ ಮತ್ತು ಅದರ ಪಕ್ಕದ ಬೈಪಾಸ್ ಕಂಡೆನ್ಸರ್ ಕೂಡ ನೋಡಿ. ಬಿಸಿ ತಿಂದಿರುತ್ತವೆ.

ಗ್ರಿಡ್‌ಲೀಕ್:
ಫಿಲ್ಟರ್ ಕಂಡೆನ್ಸರ್ ಬದಲಿಸುವ ಮೊದಲು ವೇರಿಯಾಕ್‌ನಲ್ಲಿ ನಿಧಾನವಾಗಿ ವೋಲ್ಟೇಜ್ ಏರಿಸಿ ನೋಡಬಹುದಲ್ವಾ? ಎಷ್ಟೋ ಹಳೇ ಕಂಡೆನ್ಸರ್‌ಗಳು ಹಾಗೆ ಚೇತರಿಸಿಕೊಳ್ಳುತ್ತವೆ.

ಬೆಸುಗೆ:
ರೆಕ್ಟಿಫೈಯರ್ ಡಯೋಡ್ ಆಗಿದ್ದರೆ ಆ ದಾರಿ ಸರಿ. ಇಲ್ಲಿ ಜಿಝೆಡ್34 ಇದೆ. ವೇರಿಯಾಕ್ ಕೆಳಗಿದ್ದಾಗ ಅದರ ಹೀಟರ್ ಕಾಯುವುದಿಲ್ಲ, ಡಿಸಿಯೇ ಬರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಥಟ್ಟನೆ ಜಾಸ್ತಿ ವೋಲ್ಟೇಜ್ ಬಂದು ಬೀಳುತ್ತದೆ. ನಿಧಾನವಾಗಿ ಏರಿಸಿದ ಲಾಭವೇ ಸಿಗುವುದಿಲ್ಲ. ಮೊದಲ ಸಲ ಆನ್ ಮಾಡುವಾಗ 100 ವ್ಯಾಟ್ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಆಂಪ್‌ಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹಾಯುವಂಥದ್ದು) ಸಾಕು. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ ಅಂತ ಅರ್ಥ.

ಹಳೇದೀಪ ಅವರೇ, 220 ಮೈಕ್ರೋಫ್ಯಾರಡ್ ವಿಚಾರ. ದಯವಿಟ್ಟು ಬೇಡ. ಜಿಝೆಡ್34 ಎದುರಿನ ಮೊದಲ ಕಂಡೆನ್ಸರ್ 60 ಮೈಕ್ರೋಫ್ಯಾರಡ್ ದಾಟಬಾರದು. ದೊಡ್ಡದು ಹಾಕಿದರೆ ಪ್ರತಿ ಸಲ ಚಾರ್ಜ್ ಆಗುವಾಗ ಎಳೆಯುವ ಕರೆಂಟ್ ಆ ವಾಲ್ವನ್ನೇ ತಿಂದುಹಾಕುತ್ತದೆ. ಅದರ ಬದಲು ಸಿಲಿಕಾನ್ ಡಯೋಡ್ ಹಾಕೋಣ ಅಂದರೆ ಎಲ್ಲಾ ಕಡೆ ವೋಲ್ಟೇಜ್ ಏರುತ್ತದೆ. ಇಎಲ್84ಕ್ಕೆ ಪ್ಲೇಟ್ ಮಿತಿಯೇ 300 ವೋಲ್ಟ್, ನಿಮ್ಮದು ಈಗಲೇ ಅಲ್ಲಿದೆ.

ಗುಂಯ್ ಸದ್ದನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿ. ಮೇನ್ಸ್ 50 ಹರ್ಟ್ಸ್ ಆದರೆ ಹೀಟರ್ ಕಡೆಯಿಂದ ಬರುವ ಗುಂಯ್ ಕೂಡ 50, ತುಂಬಾ ಕೆಳಗಿನ ಮೆತ್ತನೆಯ ಸದ್ದು. ಫಿಲ್ಟರ್ ಸೋತರೆ ಬರುವುದು 100, ಸ್ವಲ್ಪ ಒರಟು. ಆಮೇಲೆ ಮೊದಲ ಫಿಲ್ಟರ್ ಕಂಡೆನ್ಸರ್ ಮೇಲೆ ಮೀಟರನ್ನು ಎಸಿ ರೇಂಜಿಗೆ ಹಾಕಿ, 0.1 ಮೈಕ್ರೋಫ್ಯಾರಡ್ 630 ವೋಲ್ಟ್ ಕಂಡೆನ್ಸರ್ ಮೂಲಕ ಅಳೆಯಿರಿ. ನಿಮ್ಮ ಆಂಪ್‌ಗೆ 8 ವೋಲ್ಟ್ ಆಸುಪಾಸು ಇದ್ದರೆ ಚಿಂತೆ ಇಲ್ಲ.

ಹಳೇದೀಪ:
ನಾಲ್ಕು ಕಪ್ಲಿಂಗ್ ಕಂಡೆನ್ಸರ್ ಬದಲಿಸಿದೆ. ಈಗ ನಾಲ್ಕೂ ಗ್ರಿಡ್ ಸೊನ್ನೆ. ಅರ್ಧ ಗಂಟೆ ಓಡಿಸಿದೆ, ಯಾವುದೂ ಕೆಂಪಾಗಲಿಲ್ಲ. ಖುಷಿ ಹೇಳತೀರದು.

ಒಂದು ಅರ್ಥವಾಗಲಿಲ್ಲ. ಫಿಲ್ಟರ್ ಇನ್ನೂ ಮುಟ್ಟಿಲ್ಲ, ಆದರೂ ಬಲಗಡೆಯ ಗುಂಯ್ ಕಡಿಮೆಯಾಗಿ ಎಡಗಡೆಯಷ್ಟೇ ಆಗಿದೆ. ಎಸಿ ಅಳತೆ 19 ವೋಲ್ಟ್ ಬಂತು. ಸದ್ದು ಒರಟಾಗಿಯೇ ಇದೆ.

ಬೆಸುಗೆ:
ಒಂದು ಚಾನೆಲ್‌ಗೆ ಎರಡು ವಾಲ್ವ್ ಜೋಡಿಯಾಗಿ ದುಡಿಯುವ ಪುಶ್-ಪುಲ್‌ನ ಸೊಗಸೇ ಅದು. ಎರಡು ವಾಲ್ವ್‌ಗಳ ಕರೆಂಟ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಎದುರುಬದುರು ಹರಿಯುತ್ತದೆ. ಎರಡೂ ಸಮ ಇದ್ದರೆ ಸಪ್ಲೈಯಿಂದ ಬರುವ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ನಿಮ್ಮ ಬಲಗಡೆ ಒಂದು 39, ಇನ್ನೊಂದು 62 ಎಳೆಯುತ್ತಿತ್ತು. ಸಮ ತಪ್ಪಿದ್ದರಿಂದ ಗುಂಯ್ ಹೊರಗೆ ಬಂತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೆ ಇದು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

19 ವೋಲ್ಟ್ ಅಂದರೆ ಮೊದಲ ಫಿಲ್ಟರ್ ಒಣಗಿದೆ. 50+50 ಮೈಕ್ರೋಫ್ಯಾರಡ್, 450 ವೋಲ್ಟ್ ಹೊಸದು ಹಾಕಿ.

ಕೋನ್‌ಕಾಗದ:
ಸ್ಪೀಕರ್ ಬಗ್ಗೆ ನಾನು ಹೇಳುತ್ತೇನೆ. ಪೆಟ್ಟಿಗೆ ಪೂರ್ತಿ ಮುಚ್ಚಿದ್ದಾ, ತೂತು ಇದೆಯಾ? ಮುಚ್ಚಿದ್ದಾದರೆ ಅದು ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್‌ನಲ್ಲಿ ತಂದ ದಾರಿಯದ್ದಿರಬಹುದು. ಅಲ್ಲಿ ವೂಫರ್‌ಗೆ ಸ್ಪ್ರಿಂಗ್ ಆಗಿ ಕೆಲಸ ಮಾಡುವುದು ಪೆಟ್ಟಿಗೆಯೊಳಗಿನ ಗಾಳಿ. ಫೋಮ್ ಹರಿದರೆ ಆ ಗಾಳಿ ಸೋರಿ ಬಾಸ್ ಸತ್ತುಹೋಗುತ್ತದೆ.

ಫೋಮ್ ಬದಲಿಸಲು ಆತುರ ಬೇಡ. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ತಾಳ್ಮೆಯಿಂದ ಕೆರೆದು ತೆಗೆಯಿರಿ, ಕೆಲಸದ ಮುಕ್ಕಾಲು ಪಾಲು ಅದೇ. ಹೊಸ ಫೋಮನ್ನು ಮೊದಲು ಕೋನ್‌ಗೆ ಅಂಟಿಸಿ, ಒಣಗಲು ಬಿಡಿ. ಆಮೇಲೆ ಫ್ರೇಮ್‌ಗೆ. ನಿಧಾನವಾಗಿ ಒಣಗುವ ಬಿಳಿ ಅಂಟು ಒಳ್ಳೆಯದು, ಹೊಂದಿಸಲು ಸಮಯ ಸಿಗುತ್ತದೆ. ಅಂಟು ಹಸಿ ಇರುವಾಗಲೇ 30 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ. ಕೆರೆತ ಕೇಳಿದರೆ ಫೋಮನ್ನು ಕೂದಲೆಳೆಯಷ್ಟು ಸರಿಸಿ ನೋಡಿ.

ಟ್ವೀಟರ್ ಸತ್ತಿದೆ ಅಂತ ಈಗಲೇ ತೀರ್ಮಾನಿಸಬೇಡಿ. ಹಿಂದೆ ಲೆವೆಲ್ ಕಂಟ್ರೋಲ್ ತಿರುಪು ಇದ್ದರೆ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಟ್ವೀಟರ್ ವೈರ್ ಬಿಡಿಸಿ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಟಕ್ ಅಂದರೆ ಬದುಕಿದೆ.

ಹಳೇದೀಪ:
ಟಕ್ ಅಂತು! ಲೆವೆಲ್ ಕಂಟ್ರೋಲ್ ಬಿಚ್ಚಿದರೆ ನೀವು ಹೇಳಿದ ಹಾಗೇ ಹಸಿರು. ಉಜ್ಜಿ ಕ್ಲೀನ್ ಮಾಡಿದೆ, ಈಗ ಹಾಡುತ್ತಿದೆ. ಸ್ವರಗಳನ್ನು ವೂಫರ್, ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್‌ನ 4 ಮೈಕ್ರೋಫ್ಯಾರಡ್ ಕಂಡೆನ್ಸರ್ 6.3 ತೋರಿಸುತ್ತಿದೆ. ವೂಫರ್‌ನ ಡಿಸಿ ರೆಸಿಸ್ಟೆನ್ಸ್ 3.2 ಓಮ್.

ಕೋನ್‌ಕಾಗದ:
ಹಳೇ ಬೈಪೋಲಾರ್ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳ ಅಂಕಿ ಹಾಗೇ ಏರುತ್ತದೆ. ಎರಡೂ ಪೆಟ್ಟಿಗೆಗೆ ಒಂದೇ ಥರದ ಫಿಲ್ಮ್ ಕಂಡೆನ್ಸರ್ ಹಾಕಿ. ಫಿಲ್ಮ್‌ನ ಒಳ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಹಾಗಾಗಿ ಟ್ವೀಟರ್ ಸ್ವಲ್ಪ ಚೂಪಾಗಿ ಕೇಳಬಹುದು. ಕಿವಿಗೆ ಚುಚ್ಚಿದರೆ ಅದರ ಜೊತೆ ಸೀರೀಸ್‌ನಲ್ಲಿ ಅರ್ಧ ಓಮ್ ರೆಸಿಸ್ಟರ್ ಹಾಕಿ ಕೇಳಿ. 3.2 ಓಮ್ ಅಂದರೆ ಇದು 4 ಓಮ್ ಸ್ಪೀಕರ್, ಆಂಪ್‌ನಲ್ಲಿ 4 ಓಮ್ ಟ್ಯಾಪಿಗೇ (4 ಓಮ್ ಸ್ಪೀಕರ್‌ಗೆ ಇರುವ ಕನೆಕ್ಷನ್‌ಗೇ) ಹಾಕಿ.

ಹಳೇದೀಪ:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಫಿಲ್ಟರ್ ಹಾಕಿದೆ, ಎಸಿ 19ರಿಂದ 7ಕ್ಕೆ ಇಳಿಯಿತು. ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಸದ್ದು ಕೇಳುತ್ತದೆ. ಎಡ ವೂಫರ್ ಮೊದಲ ಸಲ ಕೆರೆಯಿತು. ಅಂಟು ಹಸಿ ಇದ್ದದ್ದರಿಂದ ಬಿಡಿಸಿ, ಟೋನ್ ಹಾಕಿಕೊಂಡೇ ಮತ್ತೆ ಅಂಟಿಸಿದೆ, ಸರಿಹೋಯಿತು. ಪೆಟ್ಟಿಗೆ ಮುಚ್ಚಿದ್ದೇ. ಕೋನ್ ಮೆಲ್ಲಗೆ ಒತ್ತಿ ಬಿಟ್ಟರೆ ಈಗ ನಿಧಾನವಾಗಿ ವಾಪಸ್ ಬರುತ್ತದೆ, ಗಾಳಿ ಸೋರುತ್ತಿಲ್ಲ ಅನ್ನಿಸುತ್ತದೆ.

ನಿನ್ನೆ ರಾತ್ರಿ ಎರಡು ಗಂಟೆ ಓಡಿಸಿ ಕ್ಯಾಥೋಡ್ ಅಳೆದೆ: 10.7, 10.5, 10.6, 10.8. ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತು ಕೇಳುತ್ತಿದ್ದರು. ಎದ್ದು ಬಂದು ವಾಲ್ಯೂಮ್ ಅವರೇ ಏರಿಸಿದರು.