ಡಾಕ್ಟರ ಚೀಟಿ ಇಲ್ಲದೆ ಬಂದವರಿಗೆ ಇಲ್ಲ ಅನ್ನೋದು ಹೇಗೆ? ಮೆಡಿಕಲ್ ಅಂಗಡಿಯವರ ಅನುಭವಗಳು

ಕೇಳಿದವರು, ಸಕಲೇಶಪುರ

ಡಿ.ಫಾರ್ಮಾ ಮುಗಿಸಿ ಸ್ವಂತ ಅಂಗಡಿ ಹಾಕಿ ಎಂಟು ತಿಂಗಳಾಯಿತು. "ಜ್ವರಕ್ಕೆ ಎರಡು ಡೋಸ್ ಕೊಡಿ" ಅಂತ ಬರುವವರೇ ಜಾಸ್ತಿ. ಆಂಟಿಬಯೋಟಿಕ್‌ಗೆ ಚೀಟಿ ಕೇಳಿದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಬರೀ ಸ್ಟ್ರಿಪ್ ಕತ್ತರಿಸಿ ಕೊಡುವವನಾಗಿ ಉಳಿಯಲು ನನಗೆ ಇಷ್ಟವಿಲ್ಲ. ಆದರೆ ಅಂಗಡಿ ಬಾಡಿಗೆಯೂ ಹುಟ್ಟಬೇಕಲ್ವಾ? ಹಿರಿಯರು ನಿಮ್ಮಲ್ಲಿ ಏನು ಬದಲಾಯಿಸಿಕೊಂಡಿರಿ, ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ, 19 ವರ್ಷದ ಅಂಗಡಿ

ತಮ್ಮಾ, ಮೊದಲು ನನ್ನ ತಪ್ಪು ಹೇಳುತ್ತೇನೆ. ಕೀಲುನೋವಿನ ಅಮ್ಮ ಒಬ್ಬರಿಗೆ ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದಿದ್ದರು. ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಸಂತೆ ದಿನ, ಅಂಗಡಿ ತುಂಬ ಜನ. ನಾನು ಕವರ್ ಮೇಲೆ "1" ಅಂತ ಬರೆದು ಕೊಟ್ಟೆ, ಅಷ್ಟೇ. ಎಂಟನೇ ದಿನ ಅವರು ಬಾಯಿ ಹುಣ್ಣಿಗೆ ಹಚ್ಚುವ ಮುಲಾಮು ಕೇಳಿಕೊಂಡು ಬಂದರು. ಕೊಟ್ಟು ಕಳಿಸಬಹುದಿತ್ತು. ಏನೋ ಅನುಮಾನ ಬಂದು "ಆ ಮಾತ್ರೆ ಎಷ್ಟು ಉಳಿದಿದೆಯಮ್ಮಾ?" ಅಂದೆ. "ಎರಡು" ಅಂದರು. ಹತ್ತು ವಾರ ಬರಬೇಕಾದ ಸ್ಟ್ರಿಪ್ ಅದು.

ಅಂಗಡಿ ಹುಡುಗನಿಗೆ ಬಿಟ್ಟು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ನಾನೇ ಆಸ್ಪತ್ರೆಗೆ ಹೋದೆ. ರಕ್ತದ ಕಣ ಇಳಿದಿತ್ತು. ಎರಡು ವಾರ ಮಲಗಿ ಚೇತರಿಸಿಕೊಂಡರು. ಆ ಎರಡು ವಾರ ನನಗೆ ನಿದ್ದೆ ಇರಲಿಲ್ಲ.

ಅಂದಿನಿಂದ ಆ ಮಾತ್ರೆಗೆ ವಾರದ ಹೆಸರು ಬರೆಯದೆ ಕೊಡುವುದಿಲ್ಲ. "ಭಾನುವಾರ ಮಾತ್ರ" ಅಂತ ದಪ್ಪ ಅಕ್ಷರದಲ್ಲಿ ಬರೆದು, ಅವರ ಬಾಯಲ್ಲೇ ಒಂದು ಸಲ ಹೇಳಿಸುತ್ತೇನೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋಗಿ ಹೇಗೆ ತಗೋತೀರಿ, ಹೇಳಿ" ಅಂದರೆ ಮಾತ್ರ ನಿಜ ಗೊತ್ತಾಗುತ್ತದೆ.

ಗಿರಾಕಿ ಹೋಗುವ ಮಾತಿಗೆ ಬಂದರೆ, ಚೀಟಿ ಕೇಳಿದ್ದಕ್ಕೆ ಕೆಲವರು ಹೋದರು, ನಿಜ. ಆದರೆ ಬಿಪಿ, ಶುಗರ್‌ನವರು ತಿಂಗಳು ತಿಂಗಳು ಬರುವವರು. ಅವರು ಕೂತು ಮಾತಾಡಿಸುವ ಅಂಗಡಿ ಬಿಟ್ಟು ಹೋಗುವುದಿಲ್ಲ. ನನ್ನ ಅಂಗಡಿ ನಡೆಯುತ್ತಿರುವುದೇ ಅವರಿಂದ.

ಹಾಸನದಿಂದ

ಅಣ್ಣ ಹೇಳಿದ ಹೇಳಿಸುವ ಅಭ್ಯಾಸ ಇನ್ಸುಲಿನ್‌ಗೆ ಇನ್ನೂ ಮುಖ್ಯ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಮಿ.ಲೀ.ಗೆ 40 ಯೂನಿಟ್‌ನದ್ದೂ ಇದೆ, 100 ಯೂನಿಟ್‌ನದ್ದೂ ಇದೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್. ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ. ತಿರುಗುಮುರುಗಾದರೆ 20ರ ಬದಲು 50 ಹೋಗುತ್ತದೆ, ಜೀವಕ್ಕೇ ಅಪಾಯ. ಸಿರಿಂಜ್ ಮಾತ್ರ ಕೇಳಿ ಬಂದವರಿಗೂ "ಬಾಟಲಿ ಯಾವುದು?" ಅಂತ ಕೇಳಿಯೇ ಕೊಡಿ. ಫ್ರಿಜ್‌ನಲ್ಲಿ ಥರ್ಮಾಮೀಟರ್ ಇಡಿ, 2ರಿಂದ 8 ಡಿಗ್ರಿ ಒಳಗೆ ಇರಬೇಕು. ಕರೆಂಟ್ ಹೋದ ಹೊತ್ತನ್ನು ನಾನು ಬರೆದಿಡುತ್ತೇನೆ.

ಇನ್ನೊಂದು ಮಾತು ನೋವಿನಿಂದಲೇ ಹೇಳುತ್ತೇನೆ. ಓದಿ ಮುಗಿಸಿದ ಹೊಸತರಲ್ಲಿ ನನ್ನ ಸರ್ಟಿಫಿಕೇಟನ್ನು ಬಾಡಿಗೆಗೆ ಕೇಳಿಕೊಂಡು ಬಂದಿದ್ದರು. ಗೋಡೆಗೆ ಸರ್ಟಿಫಿಕೇಟ್, ಕೌಂಟರ್‌ನಲ್ಲಿ ಬೇರೆ ಯಾರೋ. ಮನೆಯಲ್ಲಿ ಕಷ್ಟವಿತ್ತು, ಆದರೂ ಒಪ್ಪಲಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ. ನಾವೇ ನಮ್ಮ ಹೆಸರು ಬಾಡಿಗೆಗೆ ಕೊಟ್ಟರೆ ಜನ ನಮ್ಮನ್ನು ಅಂಗಡಿಯವರು ಅಂತಲೇ ನೋಡುತ್ತಾರೆ, ಇನ್ನೇನು ಮಾಡುತ್ತಾರೆ? ನಾನು ಬಿಳಿ ಕೋಟು, ಹೆಸರಿನ ಬ್ಯಾಡ್ಜ್ ಹಾಕಿಯೇ ನಿಲ್ಲುತ್ತೇನೆ. ಬಿಳಿ ಕೋಟು ನೋಡಿದ ಮೇಲೆ ಪ್ರಶ್ನೆ ಕೇಳುವವರು ಜಾಸ್ತಿಯಾದರು, ಅದರಲ್ಲೂ ಹೆಂಗಸರು.

ಕೊಪ್ಪದಿಂದ

ಇಲ್ಲ ಅಂತ ಬರಿಗೈಯಲ್ಲಿ ಕಳಿಸಬೇಡಿ. ಎಷ್ಟು ದಿನದ ಜ್ವರ, ತೋಟಕ್ಕೋ ಕಾಡಿಗೋ ಹೋಗಿದ್ದರಾ ಅಂತ ಕೇಳಿ. ನಮ್ಮ ಕಡೆ ಮಂಗನ ಕಾಯಿಲೆ ಇದೆ, ಮಳೆಗಾಲದಲ್ಲಿ ಡೆಂಗಿ. ಎರಡರಲ್ಲೂ ರಕ್ತಸ್ರಾವದ ಭಯ. ಹಾಗಾಗಿ ಮೈಕೈ ನೋವು ಅಂದರೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವುದಿಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಟ್ಟು ಆಸ್ಪತ್ರೆಗೆ ಹೋಗಿ ಅನ್ನುತ್ತೇನೆ. ಅದನ್ನೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದೂ ಕೊಡುತ್ತೇನೆ. ಹಾಗೆ ಕಳಿಸಿದವರು ಗುಣವಾಗಿ ನನ್ನ ಹತ್ತಿರವೇ ಬಂದಿದ್ದಾರೆ.

ಅಸ್ಸಾಂ ಕಡೆಯ ತೋಟದ ಕೆಲಸದವರಿಗೆ ಕವರ್ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬಿಡಿಸಿಕೊಡಿ. ಅಷ್ಟು ಸಾಕಾಗುತ್ತದೆ.

ಬೇಲೂರಿನಿಂದ

ಪಕ್ಕದ ಅಂಗಡಿಯ ಚಿಂತೆಗೆ ನನ್ನ ಉತ್ತರ: ಪಕ್ಕದ ಅಂಗಡಿಗೇ ಹೋಗಿ. ನಮ್ಮ ರಸ್ತೆಯಲ್ಲಿ ನಾಲ್ಕು ಅಂಗಡಿ. ಒಂದು ಭಾನುವಾರ ಕಾಫಿಗೆ ಕರೆದು ಕೇಳಿದೆ. ಎಲ್ಲ ಬಿಗಿ ಮಾಡೋಣ ಅನ್ನಲಿಲ್ಲ. ಕಾನೂನು ಹೆಚ್ಚು ಬಿಗಿ ಮಾಡಿರುವ ಎಚ್1 ಪಟ್ಟಿಯ ಔಷಧಿ ಮಾತ್ರ, ಅಂದರೆ ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್, ಅಲ್ಪ್ರಾಜೋಲಾಮ್, ಟ್ರಮಡಾಲ್ ಇಂಥವು, ಚೀಟಿ ಇಲ್ಲದೆ ಯಾರೂ ಕೊಡಬಾರದು ಅಂತ. 2014ರಿಂದ ಅದಕ್ಕೆ ಬೇರೆ ರಿಜಿಸ್ಟರ್ ಇಡಬೇಕು, ಡಾಕ್ಟರ ಹೆಸರು ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಅಂತ ಬರೆದು ಮೂರು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇದು ಹೇಗೂ ಕಾನೂನು. ಮೂವರು ಒಪ್ಪಿದರು. ನಾಲ್ಕನೆಯವರು ಒಪ್ಪಿದ್ದು ಅವರ ನೆಂಟರ ಹುಡುಗನೇ ಮಾತ್ರೆ ಚಟಕ್ಕೆ ಬಿದ್ದ ಮೇಲೆ. ಈಗ ನಾನು ಇಲ್ಲ ಅಂದರೆ ಆ ಕಡೆಯೂ ಇಲ್ಲವೇ.

ಕೇಳಿದವರು, ಸಕಲೇಶಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿರಿಂಜ್ ಡಬ್ಬಿ ಈಗಷ್ಟೇ ನೋಡಿದೆ, ಕೆಂಪು, ಕಿತ್ತಳೆ ಒಂದೇ ಖಾನೆಯಲ್ಲಿತ್ತು. ಬೇರೆ ಮಾಡಿದೆ. ಒಂದೇ ಅನುಮಾನ. ಹೋದ ವರ್ಷದ ಚೀಟಿ ತಂದು ಅದೇ ಆಂಟಿಬಯೋಟಿಕ್ ಕೇಳಿದರೆ?

ಬೇಲೂರಿನಿಂದ

ಮತ್ತೆ ಕೊಡಬಹುದು ಅಂತ ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಕೊಟ್ಟ ಕೂಡಲೇ ಡಾಕ್ಟರ ಸಹಿ ಮೇಲೆ ಅಂಗಡಿ ಹೆಸರು, ವಿಳಾಸ, ತಾರೀಕಿನ ಸೀಲ್ ಹಾಕಿ. ನಿಯಮವೂ ಅದೇ. ಸೀಲ್ ಇದ್ದರೆ ಬೇರೆ ಅಂಗಡಿಯವರಿಗೂ ಗೊತ್ತಾಗುತ್ತದೆ. ನಾಳೆಯೇ ಒಂದು ಮಾಡಿಸಿ.